ಕಿರುಗೊಂಬೆಗಳ ಮೇಲೆ ಪುಟ್ಟಿಯ ಶಿಲ್ಪ: ಆರಂಭಿಕರಿಗೆ ಒಂದು ಪಾಠ

ನವರಾತ್ರಿಗೆ ಮುನ್ನ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚುವಾಗ, ಯಾವುದಾದರೂ ಒಂದು ಗೊಂಬೆ ಭಿನ್ನವಾಗಿರುವುದು ಕಂಡುಬರುತ್ತದೆ. ಕೃಷ್ಣನ ಕೊಳಲು ಮುರಿದಿರುತ್ತದೆ, ಇಲ್ಲವೇ ದರ್ಬಾರಿನ ಸಿಪಾಯಿಯ ಬೆರಳು ಉದುರಿರುತ್ತದೆ. ಉದ್ಯೋಗದ ನಿಮಿತ್ತ ಊರಿಂದೂರಿಗೆ ವರ್ಗವಾಗುವ ಕನ್ನಡ ಕುಟುಂಬಗಳಲ್ಲಿ, ಮುಂಬಯಿಯಿಂದ ದೆಹಲಿಗೆ, ದೆಹಲಿಯಿಂದ ಚೆನ್ನೈಗೆ ಸಾಮಾನು ಸಾಗಿಸುವಾಗ, ಇಂತಹ ಹಾನಿ ಇನ್ನೂ ಹೆಚ್ಚು. ಉದುರಿದ ಭಾಗವನ್ನು ಮತ್ತೆ ರೂಪಿಸಿಕೊಡುವ ಕುಶಲಕರ್ಮಿ ಹತ್ತಿರದಲ್ಲಿ ದೊರೆಯುವುದು ಅಪರೂಪ. ಆದರೆ ಸಾಧಾರಣ ಕೈಚಳಕವುಳ್ಳ ಯಾರೇ ಆಗಲಿ ಸ್ವಲ್ಪ ತಾಳ್ಮೆಯಿಂದ ಕಲಿಯಬಹುದಾದ ಕೆಲಸವಿದು. ಇದಕ್ಕೆ ಬೇಕಾಗುವ ವಸ್ತುವೇ ಎಪಾಕ್ಸಿ ಪುಟ್ಟಿ. ಈ ವಸ್ತುವಿನ ಸ್ವಭಾವ, ಅದನ್ನು ಬಳಸುವ ಕ್ರಮ ಮತ್ತು ಬಳಕೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳನ್ನು ತಿಳಿಸುವುದು ಈ ಪಾಠದ ಉದ್ದೇಶ.

ಹವ್ಯಾಸದ ಹಿನ್ನೆಲೆ

ಅಂಗೈಯಲ್ಲಿ ಹಿಡಿಸುವ ಮಾನವಾಕೃತಿಗಳನ್ನು ಸಂಗ್ರಹಿಸಿ, ಬಣ್ಣ ಹಚ್ಚಿ, ತಮ್ಮ ಇಚ್ಛೆಯಂತೆ ಮಾರ್ಪಡಿಸಿಕೊಳ್ಳುವ ಹವ್ಯಾಸವು ಬ್ರಿಟನ್ನಿನಲ್ಲಿ ಆಳವಾಗಿ ಬೇರೂರಿದೆ. 1893ರಲ್ಲಿ ವಿಲಿಯಂ ಬ್ರಿಟನ್ ಅವರು ಸೀಸದ ಸೈನಿಕರನ್ನು ಒಳಗೆ ಟೊಳ್ಳಾಗಿರುವಂತೆ ಎರಕ ಹೊಯ್ಯುವ ವಿಧಾನವನ್ನು ರೂಢಿಗೆ ತಂದ ಮೇಲೆ ಈ ಆಟಿಕೆಗಳು ಹಗುರವೂ ಅಗ್ಗವೂ ಆದವು. ಸುಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್ ಅವರು ಇಂತಹ ಸೈನಿಕರನ್ನಿಟ್ಟುಕೊಂಡು ಆಡುವ ಯುದ್ಧದಾಟದ ನಿಯಮಗಳನ್ನು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದ ರೂಪದಲ್ಲಿ ಪ್ರಕಟಿಸಿದರು. 1983ರಲ್ಲಿ ಅದೇ ದೇಶದಲ್ಲಿ ಬೆಳಕು ಕಂಡ ‘ವಾರ್‌ಹ್ಯಾಮರ್’ ಎಂಬ ಆಟವು ಈ ಹವ್ಯಾಸವನ್ನು ಅನೇಕ ದೇಶಗಳಿಗೆ ಹರಡಿತು. ಆಟಕ್ಕಾಗಿ ಬಳಸುವ ಕಿರುಗೊಂಬೆಗಳಲ್ಲಿ ಹೆಚ್ಚು ರೂಢಿಯಲ್ಲಿರುವ ಅಳತೆ ಸುಮಾರು 28 ಮಿ.ಮೀ. ಈ ಅಳತೆಯ ಗೊಂಬೆಯ ಮುಖ ಒಂದು ತೊಗರಿಕಾಳಿಗಿಂತ ದೊಡ್ಡದಿರುವುದಿಲ್ಲ. ಸೈನಿಕನೊಬ್ಬನ ಟೋಪಿಯನ್ನು ಬದಲಿಸುವುದು, ಹೆಗಲಿಗೆ ಮೇಲಂಗಿ ಹೊದಿಸುವುದು, ತೋಳಿನ ಸಂದು ಮುಚ್ಚುವುದು ಮುಂತಾದ ಕೆಲಸಗಳಿಗೆ ಈ ಹವ್ಯಾಸಿಗಳು ಎಪಾಕ್ಸಿ ಪುಟ್ಟಿಯನ್ನು ಬಳಸುತ್ತ ಬಂದು, ಅದರಲ್ಲಿ ಒಂದು ಪರಿಣತಿಯನ್ನೇ ಬೆಳೆಸಿದ್ದಾರೆ. ಗೊಂಬೆಹಬ್ಬದ ಗೊಂಬೆಗಳು ಗಾತ್ರದಲ್ಲಿ ಇವುಗಳಿಗಿಂತ ದೊಡ್ಡವು. ಆದರೆ ಅವುಗಳ ಬೆರಳು, ಕಿರೀಟದ ತುದಿ, ಆಭರಣಗಳ ಗಾತ್ರ ಹೆಚ್ಚುಕಡಿಮೆ ಅಷ್ಟೇ ಆದುದರಿಂದ ಆ ಪರಿಣತಿ ಇಲ್ಲಿಯೂ ಸಲ್ಲುತ್ತದೆ.

ಪುಟ್ಟಿಯ ಸ್ವಭಾವ

ಪುಟ್ಟಿ ಎಂದೊಡನೆ ಕಿಟಕಿಯ ಗಾಜಿಗೆ ಬಡಗಿಯು ಮೆತ್ತುವ, ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಯ ಮಿಶ್ರಣ ನೆನಪಿಗೆ ಬರಬಹುದು. ಎಪಾಕ್ಸಿ ಪುಟ್ಟಿ ಅದಲ್ಲ. ಇದು ಎರಡು ಭಾಗಗಳಲ್ಲಿ ದೊರೆಯುತ್ತದೆ. ಒಂದು ಭಾಗ ರಾಳ. ಇನ್ನೊಂದು ಅದನ್ನು ಗಟ್ಟಿಗೊಳಿಸುವ ಹಾರ್ಡ್‌ನರ್. ಬೇರೆ ಬೇರೆಯಾಗಿರುವಷ್ಟು ಕಾಲ ಇವೆರಡೂ ಮೆತ್ತಗೆಯೇ ಇರುತ್ತವೆ. ಕೂಡಿಸಿ ನಾದಿದಾಗ ರಾಸಾಯನಿಕ ಕ್ರಿಯೆ ಆರಂಭವಾಗಿ, ಕೆಲವು ಗಂಟೆಗಳಲ್ಲಿ ಮಿಶ್ರಣವು ಗಡಸಾಗುತ್ತದೆ.

ಜೇಡಿಮಣ್ಣಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಸ್ಪಷ್ಟವಾಗಿ ಗ್ರಹಿಸಬೇಕು. ಜೇಡಿಮಣ್ಣು ತನ್ನೊಳಗಿನ ನೀರು ಆರಿದಾಗ ಗಟ್ಟಿಯಾಗುತ್ತದೆ, ಕುಗ್ಗುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ. ಸುಡದ ಮಣ್ಣಿಗೆ ನೀರು ಹಾಕಿದರೆ ಅದು ಮತ್ತೆ ಮಣ್ಣೇ. ಎಪಾಕ್ಸಿಯಾದರೋ ಆರುವ ವಸ್ತುವಲ್ಲ. ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ. ಈ ಕಾರಣದಿಂದಲೇ ಅದು ಹೆಚ್ಚು ಕುಗ್ಗುವುದಿಲ್ಲ, ಅಂಟಿದ ಕಡೆ ಬಲವಾಗಿ ನಿಲ್ಲುತ್ತದೆ. ಇದೇ ಕಾರಣದಿಂದ, ಒಮ್ಮೆ ಗಟ್ಟಿಯಾದ ಪುಟ್ಟಿಯನ್ನು ನೀರಿನಿಂದಾಗಲಿ ಶಾಖದಿಂದಾಗಲಿ ಹಿಂದಿನ ಸ್ಥಿತಿಗೆ ತರಲು ಸಾಧ್ಯವಿಲ್ಲ. ಮುಂದೆ ಹೇಳುವ ಬಹುಪಾಲು ಸೂಚನೆಗಳು ಈ ಒಂದು ಗುಣದಿಂದಲೇ ಹುಟ್ಟಿದವು.

ಎಪಾಕ್ಸಿ ರಾಳದ ಇತಿಹಾಸವು ಹಲ್ಲಿನ ಚಿಕಿತ್ಸೆಗೆ ಸಂಬಂಧಿಸಿದ್ದು ಎಂಬುದು ಸ್ವಾರಸ್ಯಕರ ಸಂಗತಿ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಪಿಯರ್ ಕಾಸ್ತಾಂ ಅವರು ಕೃತಕ ದಂತಪಂಕ್ತಿಗೆ ಯೋಗ್ಯವಾದ, ಕುಗ್ಗದ ವಸ್ತುವನ್ನು ಅರಸುತ್ತಿದ್ದಾಗ ಈ ರಾಳವು ರೂಪುಗೊಂಡಿತು. ದಂತವೈದ್ಯಕೀಯದಲ್ಲಿ ಅದಕ್ಕೆ ಹೇಳಿಕೊಳ್ಳುವಂತಹ ಮನ್ನಣೆ ದೊರೆಯಲಿಲ್ಲ. 1946ರಲ್ಲಿ ‘ಅರಾಲ್ಡೈಟ್’ ಎಂಬ ಅಂಟಾಗಿ ಅದು ಮಾರುಕಟ್ಟೆಗೆ ಬಂದಿತು. ದಂತವೈದ್ಯರು ಮೇಣ ಕೆತ್ತಲು ಬಳಸುವ ಸಣ್ಣ ಉಕ್ಕಿನ ಕಡ್ಡಿಗಳೇ ಇಂದು ಕಿರುಗೊಂಬೆಗಳ ಶಿಲ್ಪಿಗಳ ಮೆಚ್ಚಿನ ಉಪಕರಣಗಳಾಗಿರುವುದು ಆಕಸ್ಮಿಕವಿರಬಹುದು, ಆದರೆ ಒಪ್ಪುವ ಆಕಸ್ಮಿಕ.

ಬಳಕೆಯಲ್ಲಿರುವ ಬಗೆಗಳು

ವಿದೇಶಗಳ ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ‘ಹಸಿರು ಪುಟ್ಟಿ’. ಹಳದಿ ಬಣ್ಣದ ರಾಳ ಮತ್ತು ನೀಲಿ ಬಣ್ಣದ ಹಾರ್ಡ್‌ನರ್ ಕೂಡಿದಾಗ ಹಸಿರಾಗುವುದರಿಂದ ಅದಕ್ಕೆ ಈ ಹೆಸರು. ಇದು ಗಟ್ಟಿಯಾದ ಮೇಲೂ ಸ್ವಲ್ಪ ರಬ್ಬರಿನಂತೆ ಬಾಗುವುದರಿಂದ ತೆಳುವಾದ ಪಟ್ಟಿ, ಬಟ್ಟೆಯ ಅಂಚು, ದಾರ ಮುಂತಾದವುಗಳಿಗೆ ಹೊಂದುತ್ತದೆ. ಆದರೆ ಇದನ್ನು ಉಜ್ಜುಕಾಗದದಿಂದ ನಯಗೊಳಿಸಲು ಹೋದರೆ ಎದ್ದು ಎದ್ದು ಬರುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ತಯಾರಾಗುವ ‘ಮಿಲಿಪುಟ್’ ಇದಕ್ಕೆ ವಿರುದ್ಧ ಗುಣದ್ದು: ನೀರಿನಿಂದ ನುಣುಪುಗೊಳ್ಳುತ್ತದೆ, ಗಟ್ಟಿಯಾದ ಮೇಲೆ ಕಲ್ಲಿನಂತೆ ಕೆತ್ತಲೂ ಉಜ್ಜಲೂ ಬರುತ್ತದೆ, ಆದರೆ ತೆಳುವಾದರೆ ಮುರಿಯುತ್ತದೆ.

ಭಾರತದಲ್ಲಿ ಕೊಳಾಯಿಯ ಸೋರಿಕೆ ನಿಲ್ಲಿಸಲು ಬಳಸುವ ‘ಎಂ-ಸೀಲ್’ ಎಲ್ಲರಿಗೂ ಪರಿಚಿತ. ಅದೂ ಎಪಾಕ್ಸಿ ಪುಟ್ಟಿಯೇ. ಯಂತ್ರಸಾಮಾನಿನ ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದನ್ನು ತಯಾರಿಸಿರುವುದು ಕೊಳವೆಗಾಗಿಯೇ ಹೊರತು ಕಣ್ಣು ಮೂಗುಗಳಿಗಾಗಿ ಅಲ್ಲ. ಗೊಂಬೆಯ ಪೀಠ, ಬಂಡೆ, ಮರದ ಬುಡ ಇಂತಹ ಒರಟು ರೂಪಗಳಿಗೆ ಅದು ಸಾಕು. ಕರಕುಶಲ ವಸ್ತುಗಳ ಅಂಗಡಿಗಳಲ್ಲಿ ಸಿಗುವ, ಗೋಡೆಚಿತ್ರ ಮತ್ತು ಉಬ್ಬುಶಿಲ್ಪಕ್ಕೆ ಬಳಸುವ ‘ಮೋಲ್ಡ್‌ಇಟ್’ನಂತಹ ಎಪಾಕ್ಸಿ ಜೇಡಿಯು ಕಲಿಕೆಯ ಹಂತಕ್ಕೆ ಹೆಚ್ಚು ಅನುಕೂಲ. ಇಲ್ಲಿ ಹೆಸರುಗಳನ್ನು ಹೇಳಿರುವುದು ಗುರುತಿಗಾಗಿ ಮಾತ್ರ. ಬಗೆ ಯಾವುದೇ ಇರಲಿ, ಎರಡು ಭಾಗಗಳ ಪ್ರಮಾಣ ಮತ್ತು ಗಟ್ಟಿಯಾಗುವ ಅವಧಿಯನ್ನು ಆಯಾ ಪೊಟ್ಟಣದ ಮೇಲೆ ಓದಿಕೊಂಡೇ ಕೆಲಸಕ್ಕೆ ತೊಡಗಬೇಕು.

ಕೈಗಳ ರಕ್ಷಣೆ

ಹಸಿಯಾದ ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಗುಲಿದರೆ ಒಗ್ಗದಿಕೆ, ಅಂದರೆ ಅಲರ್ಜಿ, ಉಂಟಾಗಬಹುದು. ಬೆರಳುಗಳ ಸಂದು, ಮುಂಗೈ, ಕೆಲವೊಮ್ಮೆ ಕಣ್ಣಿನ ರೆಪ್ಪೆಗಳ ಮೇಲೆ ತುರಿಕೆ, ಕೆಂಪು ಮತ್ತು ನೀರುಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಇದರಲ್ಲಿ ಎರಡು ಮೋಸಗಳಿವೆ. ಮೊದಲನೆಯದಾಗಿ, ತೊಂದರೆಯು ಕೂಡಲೇ ಕಾಣದೆ ಒಂದೆರಡು ದಿನ ಬಿಟ್ಟು ಕಾಣಿಸುವುದರಿಂದ ಕಾರಣ ಹೊಳೆಯುವುದಿಲ್ಲ. ಎರಡನೆಯದಾಗಿ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಬರಿಗೈಯಲ್ಲಿ ಬಳಸಿದರೂ ಏನೂ ಆಗದಿರಬಹುದು. ಆ ಧೈರ್ಯದಲ್ಲಿಯೇ ಹವ್ಯಾಸಿಯು ಮುಂದುವರಿದಿರುವಾಗ ಒಂದು ದಿನ ದೇಹವು ಅದನ್ನು ಶತ್ರುವೆಂದು ಗುರುತಿಸಿಬಿಡುತ್ತದೆ. ಹಾಗೆ ಗುರುತಿಸಿದ ಮೇಲೆ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ; ಅತಿ ಸ್ವಲ್ಪ ಪ್ರಮಾಣವೂ ಮತ್ತೆ ಗುಳ್ಳೆಗಳನ್ನು ಎಬ್ಬಿಸಬಲ್ಲದು. ಗೊಂಬೆಯ ಮೇಲಿನ ಪುಟ್ಟಿಯಂತೆಯೇ ಚರ್ಮದ ಈ ಬದಲಾವಣೆಯನ್ನೂ ಹಿಂದಿನ ಸ್ಥಿತಿಗೆ ತರುವ ಉಪಾಯವಿಲ್ಲ.

ಆದ್ದರಿಂದ ನಾದುವಾಗ ನೈಟ್ರೈಲ್ ಕೈಗವಸುಗಳನ್ನು ಧರಿಸಬೇಕು. ಆಸ್ಪತ್ರೆಗಳಲ್ಲಿ ಬಳಸುವ ತೆಳುವಾದ ಲೇಟೆಕ್ಸ್ ಗವಸುಗಳು ಎಪಾಕ್ಸಿಯನ್ನು ಸಾಕಷ್ಟು ತಡೆಯುವುದಿಲ್ಲ. ನಾದಿದ ಬಳಿಕ ಸಾಧ್ಯವಾದಷ್ಟೂ ಬೆರಳಿಗೆ ಬದಲು ಉಪಕರಣಗಳನ್ನೇ ಬಳಸಬೇಕು. ಶಿಲ್ಪದ ದೃಷ್ಟಿಯಿಂದಲೂ ಇದೇ ಲೇಸು, ಏಕೆಂದರೆ 28 ಮಿ.ಮೀ. ಗೊಂಬೆಯ ಮುಂದೆ ಬೆರಳೆಂಬುದು ಒನಕೆಯಷ್ಟು ದಪ್ಪ. ಕೈಗೆ ತಗುಲಿದ ಪುಟ್ಟಿಯನ್ನು ಸಾಬೂನು ಮತ್ತು ನೀರಿನಿಂದ ಕೂಡಲೇ ತೊಳೆಯಬೇಕು. ಬಣ್ಣ ತೆಗೆಯುವ ಥಿನ್ನರಿನಿಂದ ಒರೆಸುವ ಅಭ್ಯಾಸ ಕೆಟ್ಟದ್ದು. ಅದು ಚರ್ಮದ ಎಣ್ಣೆಯಂಶವನ್ನು ತೆಗೆದು ರಾಳವು ಇನ್ನಷ್ಟು ಒಳಹೋಗಲು ದಾರಿ ಮಾಡುತ್ತದೆ. ಕಡ್ಡಿಯ ತುದಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಳ್ಳುವ ಚಾಳಿ ಹಳಬರಾದ ಕೆಲವು ಹವ್ಯಾಸಿಗಳಲ್ಲಿದೆ, ಅದನ್ನು ಅನುಕರಿಸಲಾಗದು. ಅಡಿಗೆಮನೆಯ ಮಣೆ, ಲಟ್ಟಣಿಗೆ, ಚಾಕುಗಳನ್ನು ಈ ಕೆಲಸಕ್ಕೆ ತೆಗೆದುಕೊಂಡರೆ ಅವನ್ನು ಮತ್ತೆ ಅಡಿಗೆಗೆ ಒಯ್ಯಬಾರದು. ಚಿಕ್ಕ ಮಕ್ಕಳಿಗೆ ಇದನ್ನು ಆಟದ ಹಿಟ್ಟಿನಂತೆ ಕೊಡಲೇಬಾರದು. ಗುಳ್ಳೆಗಳು ಕಂಡುಬಂದರೆ ಕೆಲಸವನ್ನು ನಿಲ್ಲಿಸಿ, ಬಳಸಿದ ಪುಟ್ಟಿಯ ಪೊಟ್ಟಣದೊಡನೆ ಚರ್ಮವೈದ್ಯರನ್ನು ಕಾಣುವುದು ಸೂಕ್ತ. ಪೂರ್ಣವಾಗಿ ಗಟ್ಟಿಯಾದ ಪುಟ್ಟಿಯನ್ನು ಮುಟ್ಟುವುದರಿಂದ ಸಾಮಾನ್ಯವಾಗಿ ಈ ಅಪಾಯವಿಲ್ಲ.

ಉಪಕರಣಗಳು

ಉಪಕರಣಗಳಿಗಾಗಿ ಹೆಚ್ಚು ವೆಚ್ಚ ಮಾಡಬೇಕಾಗಿಲ್ಲ. ಹಲ್ಲುಕಡ್ಡಿ, ಬೇರೆ ಬೇರೆ ದಪ್ಪದ ಹೊಲಿಗೆ ಸೂಜಿಗಳು, ಒಂದು ಹರಿತವಾದ ಚಾಕು, ಹಿಂದೆ ಹೇಳಿದ ದಂತವೈದ್ಯರ ಉಕ್ಕಿನ ಕಡ್ಡಿ ಒಂದು, ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಸೂಜಿಯ ಕಣ್ಣಿನ ಭಾಗವನ್ನು ಹಳೆಯ ಕುಂಚದ ಹಿಡಿಗೆ ಚುಚ್ಚಿ ಅಂಟಿಸಿದರೆ ಹಿಡಿಯಲು ಅನುಕೂಲ. ಪುಟ್ಟಿಯು ಕಡ್ಡಿಗೆ ಅಂಟದಂತೆ ತುದಿಯನ್ನು ಆಗಾಗ ನೀರಿನಲ್ಲಿ ಅದ್ದಬೇಕು, ಇಲ್ಲವೇ ಲೇಶಮಾತ್ರ ವ್ಯಾಸಲಿನ್ ಸವರಬೇಕು. ಗೊಂಬೆಯನ್ನು ಬೆರಳುಗಳ ನಡುವೆ ಹಿಡಿದು ಕೆಲಸ ಮಾಡುವುದು ಆರಂಭಿಕರ ಮೊದಲ ತಪ್ಪು. ಎದೆಯ ಮೇಲೆ ಅರ್ಧ ಗಂಟೆ ಶ್ರಮಿಸಿ ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಹೆಬ್ಬೆರಳಿನ ಅಚ್ಚು ಮೂಡಿರುತ್ತದೆ. ಗೊಂಬೆಯ ಪೀಠವನ್ನು ಖಾಲಿ ಸೀಸೆಯೊಂದರ ಮುಚ್ಚಳಕ್ಕೆ ಅಂಟಿಸಿಕೊಂಡು, ಆ ಮುಚ್ಚಳವನ್ನೇ ಹಿಡಿಯಾಗಿ ಬಳಸಬೇಕು.

ಹದವನ್ನು ಅರಿಯುವುದು

ಹಸಿರು ಪುಟ್ಟಿಯು ಹಳದಿ ಮತ್ತು ನೀಲಿಯ ಎರಡು ಪಟ್ಟಿಗಳು ಅಕ್ಕಪಕ್ಕ ತಾಗಿರುವ ರಿಬ್ಬನ್ನಿನ ರೂಪದಲ್ಲಿ ಬಂದರೆ, ಎರಡೂ ಕೂಡುವ ಗೆರೆಯಲ್ಲಿ ಆಗಲೇ ಸ್ವಲ್ಪ ಭಾಗ ಗಟ್ಟಿಯಾಗಿರುತ್ತದೆ. ಆ ಗೆರೆಯುದ್ದಕ್ಕೂ ಒಂದೆರಡು ಮಿ.ಮೀ. ಅಗಲವನ್ನು ಕತ್ತರಿಸಿ ಬಿಸಾಡಬೇಕು. ಹಾಗೆ ಮಾಡದಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಕೆಲಸದ ನಡುವೆ ಸಣ್ಣ ಹರಳುಗಳು ಅಡ್ಡ ಬರುತ್ತವೆ. ಉಳಿದ ಎರಡು ಭಾಗಗಳನ್ನು ಸಮನಾಗಿ ತೆಗೆದುಕೊಂಡು, ಬಣ್ಣದ ಎಳೆಗಳೊಂದೂ ಉಳಿಯದೆ ಇಡೀ ಉಂಡೆ ಒಂದೇ ಬಣ್ಣವಾಗುವವರೆಗೆ ಮೂರರಿಂದ ಐದು ನಿಮಿಷ ಚೆನ್ನಾಗಿ ನಾದಬೇಕು. ಸರಿಯಾಗಿ ಬೆರೆಯದ ಭಾಗ ಎಷ್ಟು ದಿನ ಕಳೆದರೂ ಅಂಟಂಟಾಗಿಯೇ ಉಳಿಯುತ್ತದೆ. ಹಳದಿಯ ಪಾಲು ಸ್ವಲ್ಪ ಹೆಚ್ಚಾದರೆ ಮಿಶ್ರಣ ಮೆತ್ತಗೂ ಅಂಟಾಗಿಯೂ ಇರುತ್ತದೆ; ನೀಲಿ ಹೆಚ್ಚಾದರೆ ಬೇಗ ಬಿಗಿದು ಅಂಚುಗಳು ಚೂಪಾಗಿ ನಿಲ್ಲುತ್ತವೆ. ಅನುಭವ ಬರುವವರೆಗೆ ಸಮಭಾಗವೇ ಕ್ಷೇಮ.

ಎಷ್ಟು ಬೆರೆಸಬೇಕು? ಒಂದು ಕಡಲೆಕಾಳಿನಷ್ಟು. ಇದನ್ನು ಯಾರೂ ಮೊದಲ ಸಲ ನಂಬುವುದಿಲ್ಲ. ನೆಲ್ಲಿಕಾಯಿ ಗಾತ್ರದ ಉಂಡೆ ಬೆರೆಸಿಕೊಂಡು, ಅದರಲ್ಲಿ ಮುಕ್ಕಾಲು ಪಾಲು ಕಣ್ಣೆದುರಿನಲ್ಲಿಯೇ ಕಲ್ಲಾಗುವುದನ್ನು ನೋಡಿದ ಮೇಲೆ ನಂಬುತ್ತಾರೆ.

ಬೆಲ್ಲದ ಪಾಕಕ್ಕೆ ಎಳೆಪಾಕ, ಉಂಡೆಪಾಕ ಎಂದು ಹಂತಗಳಿರುವಂತೆಯೇ ಪುಟ್ಟಿಗೂ ಹದಗಳಿವೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹಸಿರು ಪುಟ್ಟಿಯನ್ನು ಅಂದಾಜು ಒಂದೂವರೆ ಗಂಟೆಯವರೆಗೆ ರೂಪಿಸಬಹುದು. ಪೂರ್ಣ ಗಡಸಾಗಲು ಒಂದು ದಿನ ಬೇಕು. ಬೆರೆಸಿದ ಮೊದಲ ಹದಿನೈದು ಇಪ್ಪತ್ತು ನಿಮಿಷ ಅದು ಬಹಳ ಅಂಟು. ಆಗ ಗೊಂಬೆಗೆ ಅಂಟಿಸಿ ಸ್ಥೂಲ ಆಕಾರ ಕೊಡುವುದಷ್ಟೇ ಮಾಡಬೇಕು. ಆ ಹದದಲ್ಲಿ ಗೆರೆ ಎಳೆದರೆ ಗೆರೆಯು ಮೆಲ್ಲನೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅನಂತರ ಅಂಟು ಇಳಿದು, ಒತ್ತಿದ ಗುರುತು ಒತ್ತಿದಂತೆಯೇ ನಿಲ್ಲುವ ಹದ ಬರುತ್ತದೆ. ಬಟ್ಟೆಯ ನೆರಿಗೆ, ಕೂದಲಿನ ಎಳೆ, ಬೆರಳುಗಳ ಗೆರೆ ಎಲ್ಲವೂ ಆಗಬೇಕಾದದ್ದು ಈ ಹೊತ್ತಿನಲ್ಲಿ. ಕೊನೆಗೆ ಅದು ರಬ್ಬರಿನಂತಾಗಿ ಕಡ್ಡಿಗೆ ಮಣಿಯದಾಗುತ್ತದೆ. ಆಗ ಅಂಚುಗಳನ್ನು ಚಾಕುವಿನಿಂದ ಕತ್ತರಿಸಬಹುದೇ ಹೊರತು ಹೊಸ ರೂಪ ಕೊಡಲಾಗದು. ಆರಂಭಿಕರು ಸಾಮಾನ್ಯವಾಗಿ ಮೊದಲ ಹದದಲ್ಲಿ ಸಣ್ಣ ಕೆಲಸಕ್ಕೆ ಕೈಹಾಕಿ ಬೇಸರಪಡುತ್ತಾರೆ. ಸರಿಯಾದ ಹದ ಬರುವ ಹೊತ್ತಿಗೆ ಕೈಸೋತು ಎದ್ದಿರುತ್ತಾರೆ. ಉಂಡೆಯನ್ನು ಅಂಟಿಸಿ, ಎದ್ದು, ಒಂದು ಲೋಟ ಕಾಫಿ ಕುಡಿದು ಬರುವುದು ಈ ಕಲೆಯಲ್ಲಿ ಸೋಮಾರಿತನವಲ್ಲ.

ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಅವಧಿಯು ಮೇ ತಿಂಗಳ ಚೆನ್ನೈ ಅಥವಾ ಹೈದರಾಬಾದಿನಲ್ಲಿ ಅರ್ಧಕ್ಕೆ ಇಳಿಯಬಹುದು. ಜನವರಿಯ ದೆಹಲಿಯಲ್ಲಿ ಎರಡರಷ್ಟಾಗಬಹುದು. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಕೆಲಸ ಮಾಡುವುದು ಒಳ್ಳೆಯದು. ಬೆರೆಸಿದ ಪುಟ್ಟಿಯನ್ನು ತಂಪುಪೆಟ್ಟಿಗೆಯಲ್ಲಿಟ್ಟು ಗಟ್ಟಿಯಾಗುವುದನ್ನು ಮುಂದೂಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದು ನಿಜವೇ ಆದರೂ, ಹಾಲು ತರಕಾರಿಗಳ ಪಕ್ಕದಲ್ಲಿ ಅದನ್ನಿಡುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಬೆರೆಸಿಕೊಳ್ಳುವುದೇ ಮೇಲು.

ಮೊದಲ ಅಭ್ಯಾಸಗಳು

ಮೊದಲ ದಿನವೇ ಮುಖವನ್ನು ರೂಪಿಸಲು ಹೊರಡಬಾರದು. ತೋಳು ಮತ್ತು ಹೆಗಲಿನ ನಡುವಣ ಸಂದು ತುಂಬುವುದು ಮೊದಲ ಅಭ್ಯಾಸ. ಧೂಳು ಮತ್ತು ಎಣ್ಣೆಯಂಶ ಹೋಗುವಂತೆ ಗೊಂಬೆಯನ್ನು ಶುಚಿಗೊಳಿಸಿ, ಪುಟ್ಟಿಯನ್ನು ಶ್ಯಾವಿಗೆಯಂತೆ ತೆಳುವಾಗಿ ಹೊಸೆದು ಸಂದಿಯುದ್ದಕ್ಕೂ ಇಟ್ಟು, ಕಡ್ಡಿಯಿಂದ ಒಳಕ್ಕೆ ಒತ್ತಬೇಕು. ಮೇಲೆ ಉಳಿದುದನ್ನು ಆಗಲೇ ಕೆರೆದು ತೆಗೆಯಬೇಕು. ಗಟ್ಟಿಯಾದ ಮೇಲೆ ಉಜ್ಜಿ ಸರಿಪಡಿಸೋಣವೆಂದು ಬಿಡುವುದು ಎರಡು ಪಟ್ಟು ಶ್ರಮ.

ಎರಡನೆಯ ಅಭ್ಯಾಸ ದಾರ ಮತ್ತು ಪಟ್ಟಿ. ಒದ್ದೆ ಮಾಡಿದ ನುಣುಪಾದ ಫಲಕದ ಮೇಲೆ ಪುಟ್ಟಿಯನ್ನು ಒಂದೇ ದಪ್ಪದ ಎಳೆಯಾಗಿ ಹೊಸೆಯಬೇಕು. ಎರಡು ಎಳೆಗಳನ್ನು ಹುರಿ ಮಾಡಿದರೆ ಹಗ್ಗ, ಒಂದನ್ನು ಚಪ್ಪಟೆ ಮಾಡಿ ಅಂಚು ಕತ್ತರಿಸಿದರೆ ಸೊಂಟಪಟ್ಟಿ. ಎಳೆಯನ್ನು ಮಣಿಗಳಂತೆ ಸಮನಾಗಿ ಕತ್ತರಿಸಿ ಸಾಲಾಗಿ ಒತ್ತಿದರೆ ಕಂಠೀಹಾರವಾಗುತ್ತದೆ. ನೋಡಲು ಇಷ್ಟು ಸರಳವಾದ ಈ ಕೆಲಸವೇ ಕೈಗೆ ಒತ್ತಡದ ಅಳತೆಯನ್ನು ಕಲಿಸುತ್ತದೆ.

ಈಗ ಕೃಷ್ಣನ ಕೊಳಲಿಗೆ ಬರಬಹುದು. ಬರಿಯ ಪುಟ್ಟಿಯಿಂದ ಹೊಸೆದ ಕೊಳಲು ಬಾಗುತ್ತದೆ, ಇಲ್ಲವೇ ಮುಂದಿನ ವರ್ಷ ಮತ್ತೆ ಮುರಿಯುತ್ತದೆ. ತೆಳುವಾದ ಹಿತ್ತಾಳೆಯ ತಂತಿಯನ್ನು ಅಳತೆಗೆ ಕತ್ತರಿಸಿ, ನೇರ ಮಾಡಿ, ಅದರ ಮೇಲೆ ಪುಟ್ಟಿಯ ತೀರ ತೆಳುವಾದ ಪದರವನ್ನು ಸವರಿ ಒಂದು ದಿನ ಬಿಡಬೇಕು. ಈ ಮೊದಲ ಪದರವು ಕಾಣಿಸಲಿಕ್ಕಾಗಿ ಅಲ್ಲ, ಎರಡನೆಯ ಪದರಕ್ಕೆ ಹಿಡಿತ ಕೊಡಲಿಕ್ಕಾಗಿ. ಮರುದಿನ ಎರಡನೆಯ ಪದರವನ್ನು ಹಾಕಿ, ಹದ ನೋಡಿ, ಸೂಜಿಯ ಮೊನೆಯಿಂದ ರಂಧ್ರಗಳನ್ನು ಗುರುತಿಸಬೇಕು. ಬೆರಳುಗಳಿಗೂ ಇದೇ ಕ್ರಮ: ತಂತಿ, ತೆಳು ಪದರ, ಕಾಯುವಿಕೆ, ಆಮೇಲೆ ಮಾಂಸ. ಲೋಹ ಅಥವಾ ಪ್ಲಾಸ್ಟಿಕ್ಕಿನ ಗೊಂಬೆಯಾದರೆ ತಂತಿಯನ್ನು ನಾಟಲು ಕೈಬೈರಿಗೆಯಿಂದ ರಂಧ್ರ ಕೊರೆಯಬಹುದು. ಸುಡದ ಮಣ್ಣಿನ ಅಥವಾ ಕಾಗದದ ರೊಟ್ಟಿನ ಗೊಂಬೆ ಕೊರೆತವನ್ನು ತಾಳಲಾರದೆ ಒಡೆಯುವ ಸಂಭವವಿದೆ. ಅಂತಹ ಗೊಂಬೆಗಳ ಬಳಿ ನೀರನ್ನೂ ತರಬಾರದು. ಮಣ್ಣು ಕರಗುತ್ತದೆ, ಹಳೆಯ ಅಂಟಿನ ಬಣ್ಣ ಕಿತ್ತುಬರುತ್ತದೆ. ಕೊಳಲನ್ನು ಬೇರೆಯಾಗಿಯೇ ಪೂರ್ಣಗೊಳಿಸಿ, ಕೊನೆಗೆ ಕೈಯಲ್ಲಿ ಇರಿಸಿ ಒಂದು ಚುಕ್ಕೆ ಅಂಟಿನಿಂದ ನಿಲ್ಲಿಸುವುದು ಅಲ್ಲಿ ಯುಕ್ತ.

ಬಟ್ಟೆಯ ನೆರಿಗೆ

ಕಿರುಗೊಂಬೆಗೆ ಉತ್ತರೀಯ ಅಥವಾ ಮೇಲಂಗಿ ಹೊದಿಸುವುದು ಆರಂಭಿಕರಿಗೆ ಅತ್ಯಂತ ತೃಪ್ತಿ ಕೊಡುವ ಕೆಲಸ. ಅತ್ಯಂತ ಸುಲಭವಾಗಿ ಕೆಡುವ ಕೆಲಸವೂ ಅದೇ. ನುಣುಪಾದ ಪ್ಲಾಸ್ಟಿಕ್ ಹಾಳೆಗಳೆರಡಕ್ಕೆ ಲೇಶಮಾತ್ರ ವ್ಯಾಸಲಿನ್ ಸವರಿ, ನಡುವೆ ಪುಟ್ಟಿಯನ್ನಿಟ್ಟು ಲಟ್ಟಿಸಿ, ಅರ್ಧ ಗಂಟೆ ಹಾಗೆಯೇ ಬಿಟ್ಟು, ಮೇಲಿನ ಹಾಳೆಯನ್ನು ತೆಗೆದು ಬೇಕಾದ ಆಕಾರಕ್ಕೆ ಕತ್ತರಿಸಿ, ಹೆಗಲಿನ ಮೇಲೆ ಇಳಿಬಿಡುವುದು ಒಂದು ವಿಧಾನ. ನೆರಿಗೆಗಳನ್ನು ಕಡ್ಡಿಯಿಂದ ಗೀರಿ ಮಾಡುವುದಕ್ಕಿಂತ, ಹಾಳೆಯನ್ನೇ ಬಾಗಿಸಿ, ಒಳಗಿನಿಂದ ಎತ್ತಿ ಮೂಡಿಸಿದರೆ ಸಹಜವಾಗಿ ಕಾಣುತ್ತದೆ.

ಆದರೆ ವಿಧಾನಕ್ಕಿಂತ ಮುಖ್ಯವಾದುದು ನೋಟ. ಬಟ್ಟೆಯ ನೆರಿಗೆ ಮನಬಂದಲ್ಲಿ ಬೀಳುವುದಿಲ್ಲ. ಮೊಳೆಗೆ ನೇತುಹಾಕಿದ ಟವೆಲನ್ನು ಗಮನಿಸಿದರೆ, ಎಲ್ಲ ನೆರಿಗೆಗಳೂ ಆ ಮೊಳೆಯಿಂದ ಹೊರಟು ಕೆಳಗೆ ಅಗಲವಾಗುತ್ತ ಹೋಗುವುದು ಕಾಣುತ್ತದೆ. ಸೆರಗನ್ನು ಹೆಗಲಿನಲ್ಲಿ ಪಿನ್ನಿನಿಂದ ಸಿಕ್ಕಿಸಿದಾಗ ಆ ಪಿನ್ನೇ ಮೊಳೆ. ಎರಡು ಹೆಗಲುಗಳ ನಡುವೆ ಜೋಲುವ ಬಟ್ಟೆಯಲ್ಲಿ ನೆರಿಗೆಗಳು ತೂಗುತೊಟ್ಟಿಲಿನಂತೆ ಒಂದರ ಕೆಳಗೊಂದು ಬಾಗುತ್ತವೆ. ಮಡಿಚಿದ ಮೊಣಕೈಯ ಒಳಬದಿಯಲ್ಲಿ ಅವು ಒತ್ತಿಕೊಂಡು ಕೂಡುತ್ತವೆ, ಹೊರಬದಿಯಲ್ಲಿ ಬಟ್ಟೆ ಬಿಗಿದು ನಯವಾಗಿರುತ್ತದೆ. ಎಲ್ಲಿಂದ ಎಳೆತ ಎಂಬುದನ್ನು ಮೊದಲು ನಿರ್ಧರಿಸಿ, ಅಲ್ಲಿಂದ ಗೆರೆ ಆರಂಭಿಸಬೇಕು. ಈ ಒಂದು ನಿಯಮವನ್ನು ಅರಿಯದೆ ಸಮಾನಾಂತರವಾಗಿ ಗೀರಿದ ಗೆರೆಗಳು ಬಟ್ಟೆಯಂತೆ ಕಾಣದೆ ಬಾಳೆಯೆಲೆಯಂತೆ ಕಾಣುತ್ತವೆ.

ಪ್ರಮಾಣದ ವಿಷಯದಲ್ಲಿ ಭಾರತೀಯ ಶಿಲ್ಪಶಾಸ್ತ್ರದ ತಾಲಮಾನ ಪದ್ಧತಿ ಇಲ್ಲಿ ನೆನಪಾಗುವುದು ಸಹಜ. ಅದರಲ್ಲಿ ಮುಖದ ಉದ್ದವೇ ಒಂದು ತಾಲ. ನವತಾಲ ಪ್ರತಿಮೆಯ ಎತ್ತರ ಒಂಬತ್ತು ಮುಖಗಳಷ್ಟು. ಆಟದ ಕಿರುಗೊಂಬೆಗಳಲ್ಲಿ ಈ ಲೆಕ್ಕ ನಡೆಯದು. ದೂರದಿಂದಲೂ ಗುರುತು ಸಿಗಲೆಂದು ತಲೆ ಮತ್ತು ಕೈಗಳನ್ನು ಉದ್ದೇಶಪೂರ್ವಕವಾಗಿ ದೊಡ್ಡದು ಮಾಡಿರುತ್ತಾರೆ. ಹೊಸದಾಗಿ ಸೇರಿಸುವ ಕೈ ಶಾಸ್ತ್ರಕ್ಕಲ್ಲ, ಅದೇ ಗೊಂಬೆಯ ಇನ್ನೊಂದು ಕೈಗೆ ಹೊಂದಬೇಕು. ಬೇಲೂರು ಹಳೇಬೀಡಿನ ಶಿಲ್ಪಿ ಬಳಪದ ಕಲ್ಲಿನಲ್ಲಿ ಬೇಡವಾದುದನ್ನು ತೆಗೆಯುತ್ತ ರೂಪವನ್ನು ಕಂಡನು. ಪುಟ್ಟಿಯ ಕೆಲಸ ಸೇರಿಸುತ್ತ ಹೋಗುವಂಥದು. ತಪ್ಪಾದರೆ ಹಸಿಯಿರುವಾಗಲೇ ಪೂರ್ತಿ ಕೆರೆದು ತೆಗೆದು ಮರುದಿನ ಮತ್ತೆ ಹಾಕುವ ಸೌಲಭ್ಯ ಇಲ್ಲಿ ಉಂಟು, ಕಲ್ಲಿನಲ್ಲಿ ಇಲ್ಲ. ಆ ಸೌಲಭ್ಯದ ಅವಧಿ ಮಾತ್ರ ಒಂದೂವರೆ ಗಂಟೆ.

ಅಂತಿಮ ಕೆಲಸಗಳು

ಒಂದು ದಿನಕ್ಕೆ ಒಂದು ಬದಿ ಎಂಬ ನಿಯಮವನ್ನು ಇಟ್ಟುಕೊಂಡರೆ ಮಾಡಿದ ಕೆಲಸ ಕೆಡುವುದಿಲ್ಲ. ಪೂರ್ಣ ಗಟ್ಟಿಯಾದ ಮೇಲೆ ಉಜ್ಜುವ ಅಗತ್ಯವಿದ್ದರೆ ನೀರುಕಾಗದವನ್ನು ಒದ್ದೆ ಮಾಡಿ ಬಳಸಬೇಕು, ಮೂಗುಬಾಯಿಗೆ ಮುಖಗವಸು ಇರಬೇಕು. ಎಪಾಕ್ಸಿಯ ಧೂಳು ಶ್ವಾಸಕೋಶಕ್ಕೆ ಹಿತವಲ್ಲ. ಮಣ್ಣಿನ ಗೊಂಬೆಯ ಹೊಸ ಭಾಗವನ್ನು ಬೇರೆಯಾಗಿಯೇ ಉಜ್ಜಿ ಮುಗಿಸಿ, ಆಮೇಲೆ ಜೋಡಿಸಬೇಕು. ಹಳೆಯ ಲೋಹದ ಗೊಂಬೆಗಳಲ್ಲಿ ಮತ್ತು ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯುಂಟು. ಅವುಗಳನ್ನು ಒಣಗಿದಂತೆಯೇ ಅರದಿಂದ ಉಜ್ಜಬಾರದು, ಕೆಲಸದ ನಂತರ ಕೈತೊಳೆಯದೆ ಏನನ್ನೂ ತಿನ್ನಬಾರದು. ಬಣ್ಣ ಹಚ್ಚುವ ಮೊದಲು ಪುಟ್ಟಿಯ ಮೇಲಿನ ವ್ಯಾಸಲಿನ್ ಅಂಶವನ್ನು ಸಾಬೂನುನೀರಿನಲ್ಲಿ ಅದ್ದಿ ಹಿಂಡಿದ ಕುಂಚದಿಂದ ಒರೆಸಿ, ಪ್ರೈಮರಿನ ತೆಳುವಾದ ಲೇಪ ಕೊಟ್ಟರೆ ಅಕ್ರಿಲಿಕ್ ಬಣ್ಣ ಚೆನ್ನಾಗಿ ನಿಲ್ಲುತ್ತದೆ.

ಯಾವುದನ್ನು ಮುಟ್ಟಬಾರದು

ಕೆಲಸ ಕೈಹತ್ತಿದ ಮೇಲೆ ಮನೆಯಲ್ಲಿರುವ ಎಲ್ಲ ಭಿನ್ನ ಗೊಂಬೆಗಳನ್ನೂ ಸರಿಪಡಿಸುವ ಉತ್ಸಾಹ ಬರುತ್ತದೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ವಸ್ತುಸಂಗ್ರಹಾಲಯಗಳಲ್ಲಿ ಪ್ರಾಚೀನ ವಸ್ತುಗಳನ್ನು ಸಂರಕ್ಷಿಸುವ ತಜ್ಞರು, ಮಾಡಿದ ದುರಸ್ತಿಯನ್ನು ಮುಂದೆ ಬೇಕಾದಾಗ ಹಾನಿಯಿಲ್ಲದೆ ಬಿಡಿಸುವಂತಿರಬೇಕೆಂಬ ತತ್ತ್ವವನ್ನು ಅನುಸರಿಸುತ್ತಾರೆ. ಎಪಾಕ್ಸಿ ಈ ತತ್ತ್ವಕ್ಕೆ ಹೊಂದುವ ವಸ್ತುವಲ್ಲ. ಮಣ್ಣಿಗಿಂತ ಅದು ಬಲವಾದುದರಿಂದ, ಕಿತ್ತರೆ ಅದರೊಡನೆ ಮಣ್ಣೂ ಕಿತ್ತುಬರುತ್ತದೆ. ಅಂಗಡಿಯಲ್ಲಿ ಮತ್ತೊಂದು ಸಿಗುವ ಗೊಂಬೆಯ ಮೇಲೆ ಧಾರಾಳವಾಗಿ ಕಲಿಯಬಹುದು. ಮೂರು ನಾಲ್ಕು ತಲೆಮಾರುಗಳಿಂದ ಬಂದ ಪಟ್ಟದ ಗೊಂಬೆಗಳು, ತಯಾರಿಸಿದವರ ಕೈಬಣ್ಣ ಇನ್ನೂ ಉಳಿದಿರುವ ಹಳೆಯ ಮೈಸೂರು ಗೊಂಬೆಗಳು ಈ ಗುಂಪಿಗೆ ಸೇರುವುದಿಲ್ಲ. ಅವುಗಳ ಕೈ ಮುರಿದಿದ್ದರೆ ಮುರಿದಂತೆಯೇ ಇರಿಸಿ, ಬೆಳಕಿನಲ್ಲಿ ನಾಲ್ಕು ಬದಿಯಿಂದಲೂ ಛಾಯಾಚಿತ್ರ ತೆಗೆದು, ಉದುರಿದ ಚೂರನ್ನು ಕಾಗದದಲ್ಲಿ ಸುತ್ತಿ, ಯಾವ ಗೊಂಬೆಯದೆಂದು ಅದರ ಮೇಲೆ ಬರೆದು, ಅದೇ ಸೀರೆಯ ತುಂಡಿನೊಳಗೆ ಗೊಂಬೆಯ ಜೊತೆಯಲ್ಲಿಯೇ ಇಡಬೇಕು.